ಕುರಿಗಳಿಗೂ ಕೇಳಿಸಿದ ಪಾಠ

ಕ್ಲಾಸಿನಲ್ಲಿ ಕೂತು ಕೇಳುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಮನೆಗೆ ಬಂದ ಮೇಲೆ ಯಾರಾದರೂ ಕೇಳಿದಾಗಲೇ ಗೊತ್ತಾಗುವುದು, ಅರ್ಧ ಪಾಠ ಬಸ್ಸಿನಲ್ಲೇ ಉಳಿದುಹೋಗಿದೆ ಎಂದು. ಸಂಘದ ಹೆಂಗಸರು ಯಾವ ತರಬೇತಿಗೆ ಹೋಗಿ ಬಂದರೂ ಈ ಮಾತು ಬಂದೇ ಬರುತ್ತದೆ. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಮುದ್ದನಹಟ್ಟಿಯ ಬೀರಕ್ಕನಿಗೂ ಹೀಗೇ ಆಯಿತು.

ಮುದ್ದನಹಟ್ಟಿ ಇರುವುದು ಆಂಧ್ರದ ಗಡಿಯಲ್ಲಿ, ಕಂಬದೂರಿನಿಂದ ಆಟೋದಲ್ಲಿ ಕುಲುಕಾಡಿಕೊಂಡು ಹೋಗುವಷ್ಟು ದೂರದಲ್ಲಿ. ಅಲ್ಲಿ ಮನೆಗಿಂತ ಮನೆಯ ಪಕ್ಕದ ಮುಳ್ಳುಬೇಲಿಯ ಕುರಿ ರೊಪ್ಪವೇ ದೊಡ್ಡದು. ಆ ದಿನ ಬೀರಕ್ಕ ಕಲ್ಯಾಣದುರ್ಗದಲ್ಲಿ ಕುರಿ ಆರೈಕೆಯ ವಾರದ ತರಬೇತಿ ಮುಗಿಸಿ ಬಂದು ಕಾಲು ತೊಳೆದುಕೊಳ್ಳುತ್ತಿರುವಾಗಲೇ, ಉಣ್ಣೆ ನೂಲುತ್ತಾ ಕೂತಿದ್ದ ಅತ್ತೆ ಓಬಮ್ಮ ಕೇಳಿದಳು.

"ಏನ್ ಹೇಳಿಕೊಟ್ರೇ ಡಾಕ್ಟ್ರು?"

"ಜಂತು ಬಗ್ಗೆ ಹೇಳಿದ್ರು ಕಣತ್ತೆ."

"ಜಂತು ಬಗ್ಗೆ ಏನಂತ?"

ಬೀರಕ್ಕ ನೆನಪು ಮಾಡಿಕೊಂಡಳು. ಬಹಳ ಹೊತ್ತು ನೆನಪು ಮಾಡಿಕೊಂಡಳು. "ಕುರಿ ಹೊಟ್ಟೇಲಿ ಇರ್ತವಂತೆ."

ಓಬಮ್ಮನ ಕೈಯಲ್ಲಿದ್ದ ಕದಿರು ನಿಂತಿತು. "ಅದ್ನ ಕೇಳಾಕೆ ಬಸ್ಸಲ್ಲಿ ಕಲ್ಯಾಣದುರ್ಗಕ್ಕೆ ಹೋಗ್ಬೇಕಾಗಿತ್ತಾ? ನನ್ನ ಕೇಳಿದ್ರೆ ರೊಪ್ಪದ ಬಾಗ್ಲಲ್ಲೇ ನಿಂತ್ಕಂಡು ಹೇಳ್ತಿದ್ದೆ."

ಅತ್ತೆಯ ಮಾತಿನಲ್ಲಿ ವಿಷವಿರಲಿಲ್ಲ. ಸೊಸೆಯನ್ನು ಚುಚ್ಚದೆ ಇದ್ದರೆ ಓಬಮ್ಮನಿಗೆ ಆ ದಿನದ ಮುದ್ದೆ ಇಳಿಯುತ್ತಿರಲಿಲ್ಲ, ಅಷ್ಟೇ. ಆದರೆ ಬೀರಕ್ಕನಿಗೆ ನಾಟಿತು. ಸಂಘದವರೆಲ್ಲ ಸೇರಿ ಅವಳನ್ನೇ ಆರಿಸಿ ಈ ತರಬೇತಿಗೆ ಕಳಿಸಿದ್ದರು. ಈಯಲಾರದೆ ಒದ್ದಾಡುವ ಕುರಿಯೂ ಬೀರಕ್ಕನ ಕೈ ಬಿದ್ದರೆ ಸುಮ್ಮನಾಗುತ್ತದೆ ಎಂದು ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತು. ತರಬೇತಿ ಮುಗಿದ ಮೇಲೆ ಹಿಂದೂಪುರದಲ್ಲಿ ಬಾಯಿಮಾತಿನ ಪರೀಕ್ಷೆ. ಅದರಲ್ಲಿ ಪಾಸಾದವರ ಊರಿಗೆ ಒಂದು ಔಷಧದ ಪೆಟ್ಟಿಗೆ ಕೊಡುತ್ತಾರೆ. ಇಲ್ಲವಾದರೆ ಪೆಟ್ಟಿಗೆ ಬೇರೆ ಊರಿಗೆ ಹೋಗುತ್ತದೆ. ಹಟ್ಟಿಯವರು ಮೊದಲಿನಂತೆಯೇ ಕುರಿಗೆ ಜ್ವರ ಬಂದರೆ ಆಟೋಕ್ಕಾಗಿ ರಸ್ತೆಯಲ್ಲಿ ನಿಂತು ಕಾಯಬೇಕು.

ಕಲಿಸುವ ಡಾಕ್ಟರು ವೆಂಕಟೇಶಪ್ಪನವರು ಒಳ್ಳೆಯವರೇ. ಆದರೆ ಅವರ ಮಾತು ಇಳಿಜಾರಿನಲ್ಲಿ ಬಿಟ್ಟ ಸೈಕಲ್ಲಿನಂತೆ. ಪಾಠವೆಲ್ಲ ತೆಲುಗಿನಲ್ಲಿ. ತೆಲುಗು ಕೇಳಲು ಬೀರಕ್ಕನಿಗೆ ಏನೂ ಕಷ್ಟವಿಲ್ಲ, ಕಂಡಕ್ಟರನ ಜೊತೆ ಅವಳು ಜಗಳವಾಡುವುದೇ ತೆಲುಗಿನಲ್ಲಿ. ಬರೆಯುವುದೇ ತೊಂದರೆ. ಅವಳು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ. ತೆಲುಗಿನಲ್ಲಿ ಕೇಳಿ, ಮನಸ್ಸಿನಲ್ಲೇ ಕನ್ನಡ ಮಾಡಿಕೊಂಡು, ಪೆನ್ನು ಹಿಡಿದು ಒಂದು ಸಾಲು ಬರೆಯುವಷ್ಟರಲ್ಲಿ ಡಾಕ್ಟರು ಕುರಿಯ ಬಾಯಿಯಿಂದ ಬಾಲಕ್ಕೆ ಬಂದಿರುತ್ತಿದ್ದರು. "ಏಮ್ಮಾ, ಅರ್ಥಮೈತಾಂದಾ?" ಎಂದು ಕೇಳಿದರೆ ಎಲ್ಲರ ಜೊತೆ ಅವಳೂ ತಲೆಯಾಡಿಸುತ್ತಿದ್ದಳು. ಅರ್ಥವೇನೋ ಆಗಿರುತ್ತಿತ್ತು. ಉಳಿಯುತ್ತಿರಲಿಲ್ಲ.

ಮುಂದಿನ ವಾರ ಅವಳು ತರಬೇತಿ ಕೇಂದ್ರದ ಬಾಗಿಲಲ್ಲೇ ನಿಂತು ಹೇಮಾವತಿಗೆ ಹೇಳಿದಳು. ಹೇಮಾವತಿ ಹಿಂದೂಪುರದ ಅಂಗಡಿ ಮನೆತನದ ಹುಡುಗಿ, ಕೇಂದ್ರದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದಳು.

"ನನ್ನ ಹೆಸ್ರು ಹೊಡ್ದಾಕ್ಬಿಡಮ್ಮ. ನಾನು ಮುಂದಿನ ವಾರದಿಂದ ಬರಾಕಿಲ್ಲ."

"ಯಾಕಕ್ಕಾ, ಮನೇಲಿ ಬೈದ್ರಾ?"

"ಬೈಯ್ಯಾದಕ್ಕೆ ಹೆದರ್ಕಂಡು ಬಿಡೋಳಲ್ಲ ನಾನು. ಬರ್ಕಳಾಕೆ ಆಯ್ತಿಲ್ಲ ಕಣಮ್ಮ. ಕಿವಿ ಓಡ್ತದೆ, ಕೈ ಕುಂಟ್ತದೆ. ಪರೀಕ್ಷೇಲಿ ಬಾಯಿ ಬಿಟ್ಕಂಡು ನಿಂತ್ಕಳೋದಕ್ಕಿಂತ ಈಗ್ಲೇ ಹೋದ್ರೆ ಮರ್ವಾದೆ."

ಹೇಮಾವತಿಯ ಕಣ್ಣು ಬೀರಕ್ಕನ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಬಟ್ಟೆಚೀಲದ ಮೇಲೆ ಬಿತ್ತು. "ಆ ಚೀಲದಾಗೆ ಏನೈತೆ?"

"ಫೋನು. ನಮ್ಮೆಜಮಾನ್ರು ಕುರಿ ಹೊಡ್ಕಂಡು ದೂರ ಹೋದಾಗ ಮಾತಾಡಾಕೆ ಅಂತ ತಂದುಕೊಟ್ಟಿದ್ದು."

"ಮಾತಾಡಾಕೆ ಮಾತ್ರಾನಾ? ಕೊಡಿಲ್ಲಿ."

ಹೇಮಾವತಿ ಫೋನು ಹಿಡಿದು ಎರಡು ಗುಂಡಿ ಒತ್ತಿದಳು. "ಈಗ ಏನಾದ್ರೂ ಹೇಳಕ್ಕಾ."

"ಏನ್ ಹೇಳ್ಲಿ?"

ಮತ್ತೊಂದು ಗುಂಡಿ ಒತ್ತಿದಾಗ ಫೋನಿನೊಳಗಿಂದ ಬೀರಕ್ಕನೇ ಕೇಳಿದಳು, "ಏನ್ ಹೇಳ್ಲಿ?" ಬೀರಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತನ್ನ ದನಿ ಇಷ್ಟು ಗಂಡುದನಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಡಾಕ್ಟ್ರ ಪಾಠಾನೂ ಇಂಗೇ ಹಿಡಿದಿಟ್ಕಾಬೋದು ಅಕ್ಕಾ," ಎಂದಳು ಹೇಮಾವತಿ. "ಬೋರ್ಡಿನ ಮೇಲೆ ಬರೆದಿದ್ದನ್ನ, ಅವರು ತೋರ್ಸೋ ಬಾಟ್ಲೀನ ಫೋಟೋನೂ ತಗಾಬೋದು. ಮನೆಗೋಗಿ ನಿಧಾನಕ್ಕೆ ಕೇಳು, ನಿಧಾನಕ್ಕೆ ಬರ್ಕ. ಆದ್ರೆ ಮೊದ್ಲು ಅವರನ್ನ ಕೇಳ್ಬೇಕು. ಕೇಳ್ದೆ ಯಾರ ಮಾತನ್ನೂ ಹಿಡೀಬಾರ್ದು."

ಡಾಕ್ಟರು ಮೊದಲು ಸ್ವಲ್ಪ ಬಿಗಿದುಕೊಂಡರು. ಕನ್ನಡದಲ್ಲೇ ಹೇಳಿದರು, "ನಾನು ಮಧ್ಯೆ ಮಧ್ಯೆ ಕೆಮ್ತೀನಲ್ಲಮ್ಮ, ಅದೂ ಬರುತ್ತಲ್ಲ."

"ಬರ್ಲಿ ಬಿಡಿ ಸಾರ್. ನಮ್ಮ ಕುರೀನೂ ಕೆಮ್ತವೆ," ಎಂದಳು ಬೀರಕ್ಕ. ಕ್ಲಾಸೆಲ್ಲ ನಕ್ಕಿತು. ಡಾಕ್ಟರು ಫೋನನ್ನು ತಾವೇ ತೆಗೆದುಕೊಂಡು ಮೇಜಿನ ಮೇಲೆ, ಫ್ಯಾನಿನ ಸದ್ದು ಬಾರದ ಕಡೆ ಇಟ್ಟುಕೊಂಡರು.

ಅಲ್ಲಿಗೆ ಎಲ್ಲವೂ ಸರಿಹೋಯಿತು ಎಂದುಕೊಂಡರೆ ತಪ್ಪು. ಕೆಲವು ವಾರಗಳಾಗುವಷ್ಟರಲ್ಲಿ ಫೋನಿನ ತುಂಬ ಪಾಠಗಳಾದವು. ಪರದೆಯ ಮೇಲೆ ಎಲ್ಲಕ್ಕೂ ಬರೀ ಇಂಗ್ಲಿಷ್ ಅಕ್ಷರ, ಅಂಕಿ. ಮರಿಯ ಪಾಠ ಬೇಕೆಂದರೆ ಮೇವಿನ ಪಾಠ ಬರುತ್ತಿತ್ತು. ಹೇಮಾವತಿ ಉಪಾಯ ಹೇಳಿದಳು: "ಪಾಠ ಶುರುವಾಗೋಕೆ ಮುಂಚೆ ಅದೇನು ಪಾಠ ಅಂತ ನೀನೇ ಒಂದು ಮಾತು ಹೇಳಕ್ಕಾ. ಆಮೇಲೆ ಹಾಕಿದ್ ತಕ್ಷಣ ಗೊತ್ತಾಗತ್ತೆ."

ತೆಲುಗಿನ ಹೆಂಗಸರ ನಡುವೆ ಕೂತು ಫೋನಿಗೆ ಕನ್ನಡದಲ್ಲಿ ಹೇಳಲು ಬೀರಕ್ಕನಿಗೆ ನಾಚಿಕೆಯಾಯಿತು. ಯೋಚಿಸಿದಳು. ಕುರಿ ಕಾಯುವವಳ ತಲೆ ಕುರಿಯ ಕಡೆಗೇ ಓಡಿತು. ಹಟ್ಟಿಯಲ್ಲಿ ಒಂದೊಂದು ಕೆಲಸಕ್ಕೂ ಕುರಿಗೆ ಒಂದೊಂದು ಕೂಗು ಇದೆ. ಮುಂದಕ್ಕೆ ಮೇಯಲು ಬಿಡುವಾಗ "ಹೈಕ್ ಹೈಕ್ ಹೊರ್ರ್". ನೀರಿಗೆ ಕರೆಯುವಾಗ "ತ್ರೂ... ತ್ರೂ...". ಮರಿಗಳಿಗೆ "ಚಿಚ್ಚಿಚ್ಚೀ". ಸಂಜೆ ರೊಪ್ಪಕ್ಕೆ ವಾಪಸು ಕರೆಯುವ "ಬ್ರೋ... ಓ... ಬಾ". ಸರಿ, ಮೇವಿನ ಪಾಠಕ್ಕೆ ಮೇಯುವ ಕೂಗು, ಕುಡಿಸುವ ಔಷಧದ ಪಾಠಕ್ಕೆ ನೀರಿನ ಕೂಗು, ಮರಿ ಪಾಠಕ್ಕೆ ಮರಿ ಕೂಗು ಎಂದು ಇಟ್ಟುಕೊಂಡಳು. ಫೋನಿನ ಹತ್ತಿರ ಬಾಯಿ ತಂದು ಮೊದಲ ಸಲ "ತ್ರೂ... ತ್ರೂ..." ಎಂದಾಗ ಡಾಕ್ಟರು ನಗುತ್ತಾ ನಗುತ್ತಾ ಕನ್ನಡಕ ತೆಗೆದು ಒರೆಸಿಕೊಂಡರು. ಮಾತಿಗೆ ನಾಚಿದವಳು ಕೂಗಿಗೆ ನಾಚಲಿಲ್ಲ, ನೋಡಿ.

ರೊಪ್ಪಕ್ಕೆ ಕರೆಯುವ ಕೂಗು ಮಾತ್ರ ಅವಳಿಗೆ ಸರಿಯಾಗಿ ಬರಲಿಲ್ಲ. ಅದು ಓಬಮ್ಮನ ಕೂಗು. ಮಂಡಿನೋವು ಬಂದು ಓಬಮ್ಮ ಕುರಿಯ ಹಿಂದೆ ಹೋಗುವುದನ್ನು ಬಿಟ್ಟಿದ್ದಳು. ಆದರೂ ಸಂಜೆ ಬಾಗಿಲಲ್ಲಿ ನಿಂತು ಆ ಕೂಗು ಹಾಕಿದಳೆಂದರೆ ಗುಡ್ಡದ ತಪ್ಪಲಿನ ಕುರಿಯೂ ತಲೆಯೆತ್ತುತ್ತಿತ್ತು. ಬೇರೆ ಯಾರು ಕೂಗಿದರೂ ಅವು ಸುಮ್ಮನೆ ಮೇಯುತ್ತಿದ್ದವು.

ಒಂದು ದಿನ ಬೀರಕ್ಕನ ಗಂಡ ಆಂಜನೇಯ ಟಗರು ತರಲೆಂದು ಸೆಟ್ಟೂರಿನ ಕಡೆ ಹೋಗಿದ್ದ. ಕುರಿ ಹೊಡೆದುಕೊಂಡು ಬೀರಕ್ಕನೇ ಹೋದಳು. ತಿಪ್ಪೇರುದ್ರಪ್ಪನವರ ಕಡಲೆಕಾಯಿ ಹೊಲದ ಬದುವಿನಲ್ಲಿ ಹೊಂಗೆಮರದ ನೆರಳು. ಕುರಿ ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು. ಪಾಠ ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಯಾವುದು ಎಂದುಕೊಂಡು ಮೇವಿನ ಪಾಠ ಹಾಕಿದಳು. ಆ ಫೋನಿನ ಸ್ಪೀಕರೋ, ಜಾತ್ರೆಯ ಮೈಕಿನಂಥದ್ದು.

"ಹೈಕ್ ಹೈಕ್ ಹೊರ್ರ್," ಎಂದಿತು ಫೋನು.

ಮಲಗಿದ್ದ ಕುರಿಯೆಲ್ಲ ಎದ್ದವು. ಎದುರಿಗೆ ಹಸಿರು ಹೊಲ, ಮುಂದಕ್ಕೆ ಹೋಗು ಎಂದು ಒಡತಿಯದೇ ದನಿ. ಹೋದವು. ಬೀರಕ್ಕ ಗಾಬರಿಯಲ್ಲಿ ಫೋನು ನಿಲ್ಲಿಸಲು ಹೋಗಿ ಇನ್ನೊಂದು ಗುಂಡಿ ಒತ್ತಿದಳು. "ತ್ರೂ... ತ್ರೂ..." ಎಂದಿತು ಅದು. ಕೆರೆ ಇದ್ದದ್ದು ಹೊಲದ ಆಚೆ ಬದಿಗೆ. ಮೇಯುತ್ತಿದ್ದವೆಲ್ಲ ತಲೆಯೆತ್ತಿ, ಕಡಲೆಕಾಯಿ ಬಳ್ಳಿ ತುಳಿದುಕೊಂಡು ಕೆರೆಯ ಕಡೆ ಓಡಿದವು. ಹಿಂದೆ ಬೀರಕ್ಕ, ಅವಳ ಕೈಯಲ್ಲಿ ಫೋನು, ಫೋನಿನಲ್ಲಿ ಡಾಕ್ಟರು, "ನಿಧಾನಂಗಾ ತಾಗಿಂಚಾಲಿ" ಎಂದು ಔಷಧವನ್ನು ನಿಧಾನವಾಗಿ ಕುಡಿಸುವ ರೀತಿ ಹೇಳುತ್ತಲೇ ಇದ್ದರು.

ಸಂಜೆ ತಿಪ್ಪೇರುದ್ರಪ್ಪ ಮನೆ ಬಾಗಿಲಿಗೆ ಬಂದರು. ಬೈಯಲು ಬಂದವರು, ಆದರೆ ಹೇಳುವಾಗ ಅವರಿಗೇ ನಗು ತಡೆಯಲಾಗುತ್ತಿರಲಿಲ್ಲ.

"ಓಬಕ್ಕಾ, ನಿನ್ ಸೊಸೆ ಕುರಿ ಕಾಯಾದ್ನ ಫೋನಿಗೆ ಒಪ್ಸಿಬಿಟ್ಟವ್ಳೆ ಕಣಮ್ಮ. ಅದು ನನ್ನೊಲದ ದಾರಿ ತೋರ್ಸ್ತದೆ."

"ತಪ್ಪಾಯ್ತು ಕಣಪ್ಪ," ಎಂದಳು ಓಬಮ್ಮ. ಅವಳಿಗೆ ನಗು ಬರಲಿಲ್ಲ. ಹಟ್ಟಿಯಲ್ಲಿ ತಲೆತಗ್ಗಿಸಿ ಮಾತಾಡುವುದು ಅವಳಿಗೆ ಅಭ್ಯಾಸವಿರಲಿಲ್ಲ.

"ಕಾಯಿ ಕಿತ್ಮೇಲೆ ನನ್ನೊಲದಾಗೆ ಮಂದೆ ನಿಲ್ಸು, ಸರೇನಾ? ಗೊಬ್ರ ಬಿದ್ರೆ ಸಾಕು. ಲೆಕ್ಕ ಅಲ್ಲಿಗೆ ಮುಗೀತು," ಎಂದು ಅವರು ಹೋದರು. ತುಳಿದ ಬೆಳೆಗೆ ಕುರಿಗೊಬ್ಬರವೇ ಪರಿಹಾರ, ಆ ಕಡೆಯ ಪದ್ಧತಿ ಅದು.

ಓಬಮ್ಮ ಕೈ ಚಾಚಿದಳು. ಬೀರಕ್ಕ ಫೋನು ಆಫ್ ಮಾಡಿ ಕೊಟ್ಟಳು. ಅದು ಉಣ್ಣೆ ಇಡುವ ಪೆಟ್ಟಿಗೆಯೊಳಗೆ ಹೋಯಿತು. ಬೀಗದ ಕೈ ಓಬಮ್ಮನ ಸೊಂಟಕ್ಕೆ ಹೋಯಿತು.

"ಪಾಠಾನೂ ಸಾಕು, ಫೋನೂ ಸಾಕು. ನಿಮ್ಮಪ್ಪನ ಮನೇಲಿ ಕಲ್ತಿದ್ದು ಏನೈತೋ ಅದ್ರಾಗೇ ಬದುಕು ನಡ್ಯತ್ತೆ."

ಆ ವಾರ ಬೀರಕ್ಕ ಕಲ್ಯಾಣದುರ್ಗಕ್ಕೆ ಹೋಗಲಿಲ್ಲ. ಅದರ ಮುಂದಿನ ವಾರವೂ ಹೋಗಲಿಲ್ಲ. ಬಸ್ಸಿನ ಹೊತ್ತಿಗೆ ರೊಪ್ಪದ ಕಸ ಗುಡಿಸುತ್ತಾ ರಸ್ತೆಯ ಕಡೆ ಬೆನ್ನು ಮಾಡಿಕೊಂಡಿರುತ್ತಿದ್ದಳು. ಓಬಮ್ಮ ಅದನ್ನು ನೋಡಿಯೂ ನೋಡದಂತೆ ನೂಲುತ್ತಿದ್ದಳು. ಅವಳ ನೂಲೂ ಆ ದಿನಗಳಲ್ಲಿ ಪದೇ ಪದೇ ಹರಿಯುತ್ತಿತ್ತು.

ಸೆಟ್ಟೂರಿನ ಟಗರು ಹಿಂಡಿಗೆ ಸೇರಿ ಕೆಲವು ವಾರವಾಗಿತ್ತು. ಒಂದು ಬುಧವಾರ ಮಧ್ಯಾಹ್ನ ಆಂಜನೇಯ ಔಷಧದ ದೊಡ್ಡ ಬಾಟಲಿ ಹಿಡಿದುಕೊಂಡು ಬಂದ.

"ಅವ್ವಾ, ಜಂತಿನ ಔಷ್ದ. ಕಂಬದೂರಾಗೆ ಸಿಕ್ತು. ನಾಳೆ ಕುರಿ ಹೊಡ್ಕಂಡು ದೂರ ಹೋಯ್ತೀನಿ, ಇವತ್ತೇ ಎಲ್ಲಾ ಕುರಿಗೂ ಕುಡ್ಸಿಬಿಡಾನ."

ಓಬಮ್ಮ ಸೆರಗು ಸಿಕ್ಕಿಸಿಕೊಂಡು ರೊಪ್ಪಕ್ಕೆ ಇಳಿದಳು. ಮೊದಲು ಹಿಡಿದದ್ದು ಬೊಟ್ಟಿನ ಕುರಿಯನ್ನು. ಹಣೆಯಲ್ಲಿ ಬಿಳಿ ಬೊಟ್ಟಿರುವ ಆ ಕುರಿ ಓಬಮ್ಮ ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಹೋದ ವರ್ಷ ಅದು ದಿನ ತುಂಬುವ ಮುಂಚೆಯೇ ಕಂದು ಹಾಕಿತ್ತು. ಅದರ ಜೊತೆಗೆ ಇನ್ನೂ ಕೆಲವು. ಯಾರ ಕಣ್ಣು ತಾಗಿತೋ ಎಂದು ಓಬಮ್ಮ ವಾರವಿಡೀ ದೃಷ್ಟಿ ತೆಗೆದಿದ್ದಳು.

ಬೀರಕ್ಕ ಬಾಟಲಿಯನ್ನೇ ನೋಡುತ್ತಿದ್ದಳು. ಕೆಂಪು ಮುಚ್ಚಳ. ಡಾಕ್ಟರು ಇಂಥದ್ದನ್ನೇ ಕೈಯಲ್ಲಿ ಹಿಡಿದು ಏನೋ ಹೇಳಿದ್ದರು. ಗಬ್ಬದ ಕುರಿಯ ಮಾತು ಬಂದಿತ್ತು. ಏನೆಂದು?

"ಅತ್ತೆ, ಒಂಚೂರು ತಡೀರಿ. ಹೊಸ್ದಾಗಿ ಗಬ್ಬ ಕಟ್ಟಿರೋ ಕುರಿಗೆ ಈ ಔಷ್ದದ ಬಗ್ಗೆ ಡಾಕ್ಟ್ರು ಏನೋ ಹೇಳಿದ್ರು."

"ಏನ್ ಹೇಳಿದ್ರು?"

"ನೆನಪಾಯ್ತಿಲ್ಲ."

"ನೆನಪಾಗ್ದಿದ್ರೆ ಪಕ್ಕಕ್ ಸರಿ."

"ನನಗೆ ನೆನಪಿಲ್ಲ, ಫೋನಿಗೆ ನೆನಪೈತೆ ಅತ್ತೆ," ಎಂದಳು ಬೀರಕ್ಕ. ದನಿ ತಗ್ಗಿತ್ತು. ಆದರೆ ಬೊಟ್ಟಿನ ಕುರಿಯ ಕೊರಳಿನಿಂದ ಅವಳ ಕೈ ಸರಿಯಲಿಲ್ಲ. "ಹ್ವಾದ ವರ್ಸ ಇದ್ರ ಕಂದ್ನ ಮಣ್ಣು ಮಾಡಿ ಬಂದು ನೀವು ಊಟ ಬಿಟ್ಟಿರ್ಲಿಲ್ವಾ? ಆಗ್ಲೂ ಔಷ್ದ ಕುಡ್ಸಿದ್ವಲ್ಲ. ಇದ್ರಿಂದ್ಲೇ ಆಯ್ತು ಅಂತ ನಾನ್ ಹೇಳಾಕಿಲ್ಲ. ಒಂದ್ಸಲ ಕೇಳಿ ಕುಡ್ಸಾನ ಅಂತೀನಿ ಅಷ್ಟೇಯಾ."

ಆಂಜನೇಯ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಕೊನೆಗೆ ಬಾಟಲಿಯ ಮುಖ ನೋಡಿದ. "ಡಾಕ್ಟ್ರಿಗೆ ಫೋನ್ ಮಾಡಾನ ಅಂದ್ರೆ ಗುಡ್ಡ ಹತ್ಬೇಕು. ಇಲ್ಲಿ ಸಿಗ್ನಲ್ ಎಲ್ಲೈತೆ?"

"ರೆಕಾರ್ಡಿಗೆ ಸಿಗ್ನಲ್ ಬ್ಯಾಡ," ಎಂದಳು ಬೀರಕ್ಕ.

ಓಬಮ್ಮ ಕುರಿಯ ಹಣೆಯ ಬೊಟ್ಟನ್ನು ಒಮ್ಮೆ ಸವರಿದಳು. ಆಮೇಲೆ ಸೊಂಟದಿಂದ ಬೀಗದ ಕೈ ತೆಗೆದು ಸೊಸೆಯ ಕಡೆ ಎಸೆದಳು.

ಉಣ್ಣೆಯಲ್ಲಿ ಹುದುಗಿದ್ದ ಫೋನಿನಲ್ಲಿ ಒಂದಿಷ್ಟು ಜೀವ ಉಳಿದಿತ್ತು. ಬೀರಕ್ಕ ಮೊದಲು ಫೋಟೋ ತೆಗೆದು ತೋರಿಸಿದಳು. ಡಾಕ್ಟರ ಕೈಯಲ್ಲಿ ಅದೇ ಕೆಂಪು ಮುಚ್ಚಳ, ಅದೇ ಚೀಟಿ. ಆಂಜನೇಯ ಎರಡನ್ನೂ ಪಕ್ಕಪಕ್ಕಕ್ಕೆ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಿದ. ಆಮೇಲೆ ಪಾಠ ಹಾಕಿದಳು.

"ತ್ರೂ... ತ್ರೂ..."

ರೊಪ್ಪದ ಕುರಿಯೆಲ್ಲ ಬಂದು ಫೋನಿನ ಸುತ್ತ ಮುತ್ತಿಕೊಂಡವು. ಒಂದು ಬೀರಕ್ಕನ ಸೆರಗು ಜಗಿಯತೊಡಗಿತು. ಅಷ್ಟು ದಿನ ಬಿಗಿದಿದ್ದ ಓಬಮ್ಮನ ತುಟಿ ಸಡಿಲವಾಯಿತು. "ಪಾಠ ಕೇಳಾಕೆ ಬಂದ್ಬುಟ್ವು ನೋಡು. ಇವಕ್ಕೂ ಹಾಜ್ರಿ ಹಾಕ್ಸು."

ಫೋನಿನೊಳಗೆ ಡಾಕ್ಟರು ಕೆಮ್ಮಿದರು. ಆಮೇಲೆ ಹೇಳಿದರು: "ಕೊತ್ತಗಾ ಚೂಡಿ ಕಟ್ಟಿನ ಗೊರ್ರೆಲಕು ಈ ಮಂದು ತಾಗಿಂಚಕೂಡದು. ನನ್ನು ಅಡಗಂಡಿ, ವೇರೇ ಮಂದು ಇಸ್ತಾನು."

ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಓಬಮ್ಮನೇ ಮೆಲ್ಲಗೆ ಕನ್ನಡದಲ್ಲಿ ಹೇಳಿಕೊಂಡಳು, "ಹೊಸ್ದಾಗಿ ಗಬ್ಬ ಕಟ್ಟಿದ ಕುರಿಗೆ ಇದನ್ನ ಕುಡ್ಸಬಾರ್ದು. ಕೇಳಿದ್ರೆ ಬೇರೆ ಕೊಡ್ತಾರಂತೆ." ಬೊಟ್ಟಿನ ಕುರಿಯ ಬಾಯಿ ಹಿಡಿದಿದ್ದ ಕೈಯನ್ನು ಬಿಟ್ಟಳು.

"ಇನ್ನೊಂದ್ಸಲ ಹಾಕು."

ಬೀರಕ್ಕ ಹಾಕಿದಳು. ಡಾಕ್ಟರು ಅದೇ ದನಿಯಲ್ಲಿ, ಅದೇ ಕೆಮ್ಮಿನ ಜೊತೆ, ಇನ್ನೊಮ್ಮೆ ಹೇಳಿದರು. ಕುರಿಯ ತಲೆಯನ್ನು ತುಂಬ ಮೇಲಕ್ಕೆ ಎತ್ತಬೇಡಿ, ಔಷಧ ಶ್ವಾಸಕೋಶಕ್ಕೆ ಹೋದೀತು, ಬಾಯಿಯ ಪಕ್ಕದಿಂದ ನಿಧಾನವಾಗಿ ಬಿಡಿ ಎಂದೂ ಹೇಳಿದರು.

"ಎಷ್ಟ್ ಸಲ ಕೇಳಿದ್ರೂ ಈವಯ್ಯ ಬೈಯ್ಯಾಕಿಲ್ವಾ?" ಎಂದು ಕೇಳಿದಳು ಓಬಮ್ಮ.

"ಇಲ್ಲ ಅತ್ತೆ."

"ನಿನ್ ಗಂಡನಿಗಿಂತ ವಾಸಿ."

ಆ ಮಧ್ಯಾಹ್ನ ಟಗರುಗಳಿಗೂ ದೊಡ್ಡ ಮರಿಗಳಿಗೂ ಮಾತ್ರ ಔಷಧ ಕುಡಿಸಿದರು, ಅದೂ ತಲೆ ಎತ್ತದೆ, ಪಕ್ಕದಿಂದ. ಮರುದಿನ ಆಂಜನೇಯನ ಪ್ರಯಾಣ ನಿಂತಿತು. ಅವನು ಕಲ್ಯಾಣದುರ್ಗಕ್ಕೆ ಹೋಗಿ ಡಾಕ್ಟರನ್ನು ಕಂಡು, ಗಬ್ಬದ ಕುರಿಗೆ ಬೇರೆ ಔಷಧ ತಂದ. ಬಸ್ಸಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಬೀರಕ್ಕ ಕೂತಿದ್ದಳು. ಕಳಿಸಿದವಳು ಓಬಮ್ಮನೇ. "ಬಿಟ್ಟಿದ್ ಪಾಠ ಯಾರ್ ಫೋನಾಗಾದ್ರೂ ಇದ್ರೆ ಇಸ್ಕಂಡು ಬಾ," ಎಂದು ಹೇಳಿ ಕಳಿಸಿದ್ದಳು.

ನಡೆದದ್ದನ್ನೆಲ್ಲ ಕೇಳಿ ಹೇಮಾವತಿ ಕುರ್ಚಿಯಿಂದ ಬೀಳುವಷ್ಟು ನಕ್ಕಳು. "ಪಾಠದ ಹೆಸ್ರು ಹೇಳು ಅಂದ್ರೆ ಕುರೀನೇ ಕರೆದ್ಯಲ್ಲಕ್ಕಾ." ಆಮೇಲೆ ಕಿವಿಗೆ ಸಿಕ್ಕಿಸುವ ವೈರು ಕೊಟ್ಟಳು. ಫೋನು ನೀರಿಗೆ ಬಿದ್ದರೂ, ಕಳೆದರೂ ಪಾಠ ಹೋಗಬಾರದೆಂದು ಎಲ್ಲವನ್ನೂ ಕೇಂದ್ರದ ಕಂಪ್ಯೂಟರಿಗೆ ಒಂದು ಪ್ರತಿ ಇಳಿಸಿಟ್ಟಳು. ಕೊನೆಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು: "ಅಕ್ಕಾ, ಒಂದು ಮಾತು. ಫೋನಾಗೆ ಇದ್ರೆ ಕಲ್ತಂಗಲ್ಲ. ಪರೀಕ್ಷೇಲಿ ಫೋನು ಆಫ್ ಮಾಡಿಸ್ತಾರೆ. ಅದ್ರಾಗಿರೋದು ನಿನ್ ತಲೆಗೆ ಬರ್ಬೇಕು."

ಬಿಟ್ಟ ಪಾಠಗಳನ್ನು ಜೊತೆಯ ಹೆಂಗಸೊಬ್ಬಳು ತನ್ನ ಫೋನಿನಿಂದ ಕೊಟ್ಟಳು. ಬೀರಕ್ಕನನ್ನು ನೋಡಿ ಕ್ಲಾಸಿನಲ್ಲಿ ಇನ್ನೂ ಕೆಲವರು ರೆಕಾರ್ಡು ಶುರು ಮಾಡಿದ್ದರು. ಆದರೆ ಅವರು ಕೂಗುತ್ತಿರಲಿಲ್ಲ, ಬಾಯಲ್ಲಿ ಪಾಠದ ಹೆಸರು ಹೇಳುತ್ತಿದ್ದರು. ಬೀರಕ್ಕನೂ ನಾಚಿಕೆ ಬಿಟ್ಟು ಕನ್ನಡದಲ್ಲೇ ಹೇಳತೊಡಗಿದಳು: "ಇದು ಗುರುವಾರದ್ದು, ಮರಿ ಪಾಠ."

ಅಂದಿನಿಂದ ಸಂಜೆ ಒಲೆಯ ಮುಂದೆ ಹೊಸ ಕ್ಲಾಸು ಶುರುವಾಯಿತು. ಬೀರಕ್ಕ ಕಿವಿಗೆ ವೈರು ಸಿಕ್ಕಿಸಿಕೊಂಡು ಆ ದಿನದ ಪಾಠ ಕೇಳುತ್ತಿದ್ದಳು, ನಿಲ್ಲಿಸಿ ನಿಲ್ಲಿಸಿ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯುತ್ತಿದ್ದಳು. ಬರೆದಾದ ಮೇಲೆ ಫೋನು ಓಬಮ್ಮನ ಕೈಗೆ ಹೋಗುತ್ತಿತ್ತು, ಪ್ರಶ್ನೆಗಳು ಓಬಮ್ಮನ ಬಾಯಿಂದ ಬರುತ್ತಿದ್ದವು.

"ಏಮ್ಮಾ, ಚಿಟುಕ ರೋಗಂ ಅಂದ್ರೇನು, ಹೇಳು ನೋಡಾನ."

"ಕರುಳುಬೇನೆ ಅತ್ತೆ. ಹೊಸ ಹುಲ್ಲು ಅತಿಯಾಗಿ ತಿಂದ್ರೆ ಬರ್ತದೆ. ಮಳೆಗಾಲಕ್ಕೆ ಮುಂಚೆ ಸೂಜಿ ಹಾಕ್ಸಬೇಕು."

"ಅರ್ಥಮೈತಾಂದಾ?" ಎಂದು ಡಾಕ್ಟರ ಹಾಗೆ ಕೆಮ್ಮಿ ಕೇಳುತ್ತಿದ್ದಳು ಓಬಮ್ಮ. ಬೀರಕ್ಕ ನಗುತ್ತಾ ರೊಟ್ಟಿ ತಿರುವಿ ಹಾಕುತ್ತಿದ್ದಳು.

ಸಂಕ್ರಾಂತಿಗೆ ಮುಂಚೆ ಪರೀಕ್ಷೆ ಬಂತು. ಬೆಳಕು ಹರಿಯುವ ಹೊತ್ತಿಗೆ ಬೀರಕ್ಕ ತಲೆ ಬಾಚಿಕೊಂಡು, ಗೂಡಿನಲ್ಲಿ ಚಾರ್ಜಿಗಿಟ್ಟ ಫೋನು ತೆಗೆದುಕೊಂಡು ಹೊರಟಳು. ಬಾಗಿಲಲ್ಲಿ ಓಬಮ್ಮ ಕಾಣಲಿಲ್ಲ. ರೊಪ್ಪದಲ್ಲಿ ಏನೋ ಕೆಲಸದಲ್ಲಿರಬೇಕು. ಹೇಳಿ ಹೋಗಲಿಲ್ಲವಲ್ಲ ಎಂಬ ಕೊರಗು ಪಾವಗಡ ದಾಟುವವರೆಗೂ ಅವಳನ್ನು ಬಿಡಲಿಲ್ಲ.

ಹಿಂದೂಪುರದ ಆ ದೊಡ್ಡ ಹಾಲಿನ ಬಾಗಿಲಲ್ಲೇ ಫೋನು ಆಫ್ ಮಾಡಿಸಿದರು. ಬೀರಕ್ಕನ ಸರದಿ ಬಂದಾಗ ಮೇಜಿನ ಆಚೆ ಕೂತಿದ್ದ ಮೇಡಮ್ಮು ತೆಲುಗಿನಲ್ಲಿ ಕೇಳಿದರು, ಜಂತಿನ ಔಷಧ ಹೇಗೆ ಕುಡಿಸುತ್ತೀಯ, ಯಾವ ಕುರಿಗೆ ಕುಡಿಸುವುದಿಲ್ಲ?

ಬೀರಕ್ಕನ ಕೈ ತಾನಾಗಿ ಸೊಂಟದ ಚೀಲಕ್ಕೆ ಹೋಯಿತು, ಅಲ್ಲಿ ಫೋನು ತಣ್ಣಗೆ ಮಲಗಿತ್ತು. ಆಗ ತಲೆಯೊಳಗೆ ಯಾರೋ ಕೆಮ್ಮಿದರು. ಡಾಕ್ಟರೋ ಅತ್ತೆಯೋ ಗೊತ್ತಾಗಲಿಲ್ಲ. ಆ ಕೆಮ್ಮಿನ ಹಿಂದೆಯೇ ಪಾಠವೂ ಬಂತು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಬೀರಕ್ಕ ಹೇಳುತ್ತಾ ಹೋದಳು. ಕುರಿಯ ತಲೆ ಹಿಡಿಯುವ ರೀತಿಯನ್ನು ಮೇಜಿನ ಮೇಲಿದ್ದ ಬ್ಯಾಗನ್ನೇ ಕುರಿ ಮಾಡಿಕೊಂಡು ತೋರಿಸಿದಳು. ಮೇಡಮ್ಮು ನಗುತ್ತಾ, "ಚಾಲಮ್ಮಾ, ಚಾಲು," ಎಂದರು. ಸಾಕಮ್ಮಾ ಸಾಕು.

ವಾಪಸು ಬಸ್ಸಿನಲ್ಲಿ ಬೀರಕ್ಕನ ತೊಡೆಯ ಮೇಲೆ ಔಷಧದ ಪೆಟ್ಟಿಗೆ ಇತ್ತು. ಗಂಡನಿಗೆ ಸುದ್ದಿ ಹೇಳೋಣವೆಂದು ಫೋನು ತೆರೆದಾಗ, ರೆಕಾರ್ಡುಗಳ ಸಾಲಿನ ಕೊನೆಯಲ್ಲಿ ಒಂದು ಹೊಸದು ಕಂಡಿತು. ತಾನು ಮಾಡಿದ್ದಲ್ಲ. ಒತ್ತಿದಳು.

ಮೊದಲು ಒಂದು ಕೆಮ್ಮು. ಆಮೇಲೆ ಓಬಮ್ಮ.

"ಇದು ಪರೀಕ್ಷೆ ದಿನದ್ದು, ಮರಿ ಪಾಠ. ಏ ಬೀರಿ, ಬೊಟ್ಟಿನ ಕುರಿ ಈಗ್ಲೇ ಈದೈತೆ. ಮರಿ ಎದ್ದು ನಿಂತೈತೆ. ಈಗ್ಲೇ ಹೇಳಿದ್ರೆ ನೀನು ಬಸ್ಸು ಬಿಟ್ಬುಟ್ಟು ಇಲ್ಲೇ ಕೂತ್ಕಂತೀಯ ಅಂತ ಹೇಳಿಲ್ಲ. ಪೆಟ್ಗೆ ಕೊಟ್ರೆ ತಗಂಡು ಬಾ. ಕೊಡ್ದಿದ್ರೂ ಬಾ."

ಸ್ವಲ್ಪ ಹೊತ್ತು ಬರೀ ಮರಿಯ ಸಣ್ಣ ದನಿ. ಆಮೇಲೆ, ಗುಡ್ಡದ ತಪ್ಪಲಿಗೂ ಮುಟ್ಟುವ ಆ ಕೂಗು, ಅತ್ತೆ ಮೆಲ್ಲಗೆ ಹಾಕಿದ್ದರೂ, ಬಸ್ಸಿನ ತುಂಬ:

"ಬ್ರೋ... ಓ... ಬಾ..."

ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಕಿವಿಯ ವೈರು ಹಾಕಿಕೊಳ್ಳುವುದನ್ನು ಬೀರಕ್ಕ ಮರೆತಿದ್ದಳು. ನಾಚಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ಸಲ ಹಾಕಿದಳು.

ಅಕ್ಕಂದಿರೇ, ತಂಗಿಯರೇ, ನೀವೂ ಯಾವುದಾದರೂ ತರಬೇತಿಗೆ ಹೋಗುತ್ತಿರಬಹುದು. ನಿಮ್ಮ ಮಕ್ಕಳು ಶಾಲೆಗೆ, ಕಾಲೇಜಿಗೆ ಹೋಗುತ್ತಿರಬಹುದು. ಕೈ ನಿಧಾನ ಎಂದು, ಭಾಷೆ ಬೇರೆ ಎಂದು ಕ್ಲಾಸು ಬಿಡಬೇಡಿ. ಮನೆಯ ಫೋನು ಮಾತಾಡಲು ಮಾತ್ರ ಇರುವುದಲ್ಲ. ಮೊದಲು ಕಲಿಸುವವರನ್ನು ಕೇಳಿ, ಅವರು ಒಪ್ಪಿದರೆ ಪಾಠವನ್ನು ಅದರಲ್ಲಿ ಹಿಡಿದಿಡಿ, ಬೋರ್ಡಿನ ಫೋಟೋ ತೆಗೆಯಿರಿ. ಯಾವ ದಿನದ ಯಾವ ಪಾಠ ಎಂದು ನಿಮ್ಮ ಮಾತಿನಲ್ಲೇ ಮೊದಲು ಹೇಳಿಬಿಡಿ. ಫೋನು ಕೆಟ್ಟರೆ ಎಲ್ಲವೂ ಹೋಗುತ್ತದೆ, ಆದ್ದರಿಂದ ಒಂದು ಪ್ರತಿ ಬೇರೆ ಕಡೆಯೂ ಇರಲಿ. ಫೋನಿಲ್ಲದ ಗೆಳತಿ ಪಕ್ಕದಲ್ಲಿ ಕೂತಿದ್ದರೆ ಅವಳಿಗೂ ಕೇಳಿಸಿ. ಎಲ್ಲಕ್ಕಿಂತ ಮುಖ್ಯವಾದದ್ದು, ಅದೇ ದಿನ ಸಂಜೆ ಕೂತು ಕೇಳಿ, ನಾಲ್ಕು ಸಾಲು ಬರೆದುಕೊಳ್ಳಿ. ಆಮೇಲೆ ಫೋನನ್ನು ಮನೆಯಲ್ಲಿ ನಿಮ್ಮನ್ನು ಹೆಚ್ಚು ಚುಚ್ಚುವವರು ಯಾರಿದ್ದಾರೋ ಅವರ ಕೈಗೇ ಕೊಡಿ. ಅವರಿಗಿಂತ ಚೆನ್ನಾಗಿ ಪ್ರಶ್ನೆ ಕೇಳುವವರು ನಿಮಗೆ ಸಿಗುವುದಿಲ್ಲ.

ಕುರಿಯ ಹತ್ತಿರ ಮಾತ್ರ ಕಿವಿಯ ವೈರು ಹಾಕಿಕೊಂಡೇ ಕೇಳಿ.